ಅಕ್ಕಡಿ ಬೆಳೆ ಪುಕ್ಕಟೆ ಅಲ್ಲ: ತೊಗರಿ ಹೊಲದ ಲೆಕ್ಕ

ಮಳಿಗಾಲ ಬದಲಾಗೇದ, ರೈತನೂ ಬದಲಾಗಬೇಕು ಅಂತ ಸಭೆಗಳಲ್ಲಿ ಹೇಳ್ತಾರೆ. ಬದಲಾಗಲಿಕ್ಕೆ ಎಕರೆಗೆ ಎಷ್ಟು ಖರ್ಚು, ಅದನ್ನು ಹೊರೋರು ಯಾರು ಅನ್ನೋ ಮಾತು ಬರೋದಿಲ್ಲ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಒಣಬೇಸಾಯದ ತೊಗರಿ ಹೊಲ ಹಿಡಿದು ಆ ಲೆಕ್ಕ ಇಲ್ಲಿ ಬರೆದಿದ್ದೇನೆ.

ಮೊದಲು ಕೆಟ್ಟ ವರ್ಷಗಳನ್ನು ಎಣಿಸೋಣ. 2020ರ ಅಕ್ಟೋಬರದಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ದಂಡೆ ಹಳ್ಳಿಗಳ ಹೊಲ ಮುಳುಗಿದವು. 2022ರಲ್ಲಿ ತೊಗರಿಗೆ ನೆಟೆ ರೋಗ ಬಿದ್ದು ನಿಂತ ಬೆಳೆ ಒಣಗಿತು. 2023ರಲ್ಲಿ ಬರ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪಟ್ಟಿಗೆ ಬಂದವು. 2025ರಲ್ಲಿ ಮತ್ತೆ ನೆರೆ. ಆರು ವರ್ಷದಾಗ ನಾಲ್ಕು ಸಲ.

ಹಿಂದೆ ತೊಗರಿ ಒಂದನ್ನೇ ಬಿತ್ತುತ್ತಿರಲಿಲ್ಲ. ಮುಂಗಾರಿ ಜೋಳ ಇಲ್ಲವೇ ಸಜ್ಜೆಯಲ್ಲಿ ಸಾಲು ಬಿಟ್ಟು ತೊಗರಿ ಹಾಕುತ್ತಿದ್ದರು. ಜೋಳ ಮೊದಲು ಮನೆಗೆ ಬರ್ತಿತ್ತು, ದನಕ್ಕೆ ಕಣಿಕೆ ಆಗ್ತಿತ್ತು. ಜೋಳದ ಸಂಗಡ ಇದ್ದ ತೊಗರಿಗೆ ನೆಟೆ ಕಡಿಮೆ ಅನ್ನೋದನ್ನು ವಿಜ್ಞಾನಿಗಳೂ ಪ್ರಯೋಗ ಮಾಡಿ ಕಂಡಿದ್ದಾರೆ. ಹಂಗಾದ್ರ ಬಿಟ್ಟದ್ದು ಯಾಕೆ? ರೈತ ಶಾಣ್ಯಾ ಇಲ್ಲ ಅಂತಲ್ಲ. ಆಳು ಸಿಗಲಿಲ್ಲ, ಮಶೀನು ಕೂಡು ಬೆಳೆ ಕೊಯ್ಯೋದಿಲ್ಲ.

ಈಗ ಒಂದು ಎಕರೆಗೆ ಲೆಕ್ಕ ಹಿಡಿಯೋಣ. ತೊಗರಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. (ಪೇಟೆಯಲ್ಲಿ ಅಷ್ಟು ಸಿಗದಿದ್ದರೆ ನಿಮ್ಮ ದರ ಹಾಕಿಕೊಳ್ಳಿ.) ಒಳ್ಳೆ ವರ್ಷ ಬರೀ ತೊಗರಿ 4 ಕ್ವಿಂಟಲ್ ಆದರೆ 32,000. ಅಕ್ಕಡಿ ಮಾಡಿದರೆ ತೊಗರಿ 3 ಕ್ವಿಂಟಲಿಗೆ ಇಳೀತದ, ಅದು 24,000. ಜೋಳ 3 ಕ್ವಿಂಟಲ್, 2,500ರಂತೆ 7,500. ಕಣಿಕೆ 2,000. ಜೋಳ ಕೊಯ್ದು ರಾಶಿ ಮಾಡಲಿಕ್ಕೆ ಹೆಚ್ಚಿನ ಆಳು 10, ಒಬ್ಬರಿಗೆ 400ರಂತೆ 4,000 ಕಳೆಯಿರಿ. ಉಳಿಯೋದು 29,500. ಅಂದರೆ ಒಳ್ಳೆ ವರ್ಷದಾಗ ಅಕ್ಕಡಿ ಮಾಡಿದವನಿಗೆ 2,500 ಕಡಿಮೆ.

ನೆಟೆ ಬಿದ್ದ ವರ್ಷ ಎರಡೂ ಕಡೆ ತೊಗರಿ ಒಂದೇ ಕ್ವಿಂಟಲ್ ಅಂತ ಇಟ್ಟುಕೊಳ್ಳಿ. ಬರೀ ತೊಗರಿಯವನಿಗೆ 8,000. ಅಕ್ಕಡಿಯವನಿಗೆ ಜೋಳ, ಕಣಿಕೆ ಸೇರಿ ಆಳಿನ ಖರ್ಚು ಕಳೆದು 13,500. ಇಲ್ಲಿ 5,500 ಲಾಭ. ಮೂರು ವರ್ಷಕ್ಕೊಮ್ಮೆ ಇಂಥಾದ್ದು ಬಂದರೆ ಅಕ್ಕಡಿ ಅಸಲು ಮುಟ್ಟುತ್ತದೆ, ಕೈಗೆ ಹೆಚ್ಚು ಉಳಿಯೋದಿಲ್ಲ. ನೆರೆ ಬಂದರೆ ಜೋಳವೂ ಹೋಗ್ತದ, ತೆನೆ ಕಪ್ಪಾಗ್ತದ. ಮಳೆ ಪೂರಾ ಕೈಕೊಟ್ಟರೆ ಜೋಳಕ್ಕೂ ಭರವಸೆ ಇಲ್ಲ.

ಆ 2,500 ರೂಪಾಯಿ ಅಂದರೆ ರೈತ ತಾನೇ ತುಂಬೋ ವಿಮೆ ಕಂತು. ಫಸಲ್ ಬಿಮಾದಲ್ಲಿ ಮುಂಗಾರು ಕಾಳಿಗೆ ರೈತನ ಪಾಲು ನೂರಕ್ಕೆ 2. ಹೆಕ್ಟೇರಿಗೆ 40,000ದ ವಿಮೆ ಅಂತ ಹಿಡಿದರೆ ಎಕರೆಗೆ ಸುಮಾರು 320 ರೂಪಾಯಿ, ಉಳಿದ ಕಂತು ಸರ್ಕಾರಗಳು ತುಂಬುತ್ತವೆ. ಅಕ್ಕಡಿಯವನ ಕಂತಿಗೆ ಯಾರೂ ಪೈಸೆ ಕೂಡಿಸೋದಿಲ್ಲ. ಬೆಳೆ ಹೋದ ಮೇಲೆ ಮಾತ್ರ ದುಡ್ಡು ಬರ್ತದ. 2022ರ ನೆಟೆಗೆ ಹೆಕ್ಟೇರಿಗೆ 10,000 ಘೋಷಣೆ ಆಯ್ತು. 2025ರ ನೆರೆಗೆ ಒಣಬೇಸಾಯದ ಹೆಕ್ಟೇರಿಗೆ 8,500ರ ಮೇಲೆ ರಾಜ್ಯ ಇನ್ನೂ 8,500 ಸೇರಿಸಿತು, ಎಕರೆಗೆ ಸುಮಾರು 6,900. ಇದರ ಕಾಲು ಭಾಗ ಬಿತ್ತೋ ಮೊದಲು ಕೂಲಿಗೆ ಅಂತ ಕೊಟ್ಟರೆ ಎಷ್ಟೋ ಜನ ಅಕ್ಕಡಿಗೆ ತಿರುಗ್ತಾರೆ ಅನ್ನೋದು ನನ್ನ ಅಭಿಪ್ರಾಯ. ದೊಡ್ಡ ದೇಶಗಳ ಲೆಕ್ಕವೂ ಹಿಂಗೇ ಅದ. ವರ್ಷಕ್ಕೆ 10,000 ಕೋಟಿ ಡಾಲರ್ ಕೊಡ್ತೀವಿ ಅಂತ 2009ರಲ್ಲಿ ಕೋಪನ್‌ಹೇಗನ್‌ದಲ್ಲಿ ಹೇಳಿದವರು 2022ಕ್ಕೆ ಆ ಮೊತ್ತ ಮುಟ್ಟಿದರು. ಅದರಲ್ಲೂ ಹವಾಮಾನಕ್ಕೆ ಹೊಂದಿಕೊಳ್ಳೋ ಕೆಲಸಕ್ಕೆ ಬಂದದ್ದು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ.

ಕೃಷಿ ಹೊಂಡದ ಮಾತು. 2014ರಿಂದ ಕೃಷಿ ಭಾಗ್ಯದಲ್ಲಿ ಸಹಾಯಧನ ಸಿಕ್ಕು ಬಹಳ ಹೊಂಡ ಆದವು. 21 ಮೀಟರ್ ಉದ್ದ-ಅಗಲ, 3 ಮೀಟರ್ ಆಳದ ಹೊಂಡ ನಾಲ್ಕು ಗುಂಟೆಗೂ ಹೆಚ್ಚು ಭೂಮಿ ತಿಂತದ. ತುಂಬಿದರೆ ಹತ್ತು ಲಕ್ಷ ಲೀಟರಿಗೆ ಸ್ವಲ್ಪ ಕಡಿಮೆ ನೀರು. ಎಕರೆಗೆ ಒಂದಿಂಚು ನೀರು ಅಂದರೆ ಒಂದು ಲಕ್ಷ ಲೀಟರ್. ಆವಿ, ಇಂಗು ಕಳೆದು ಅರ್ಧ ಉಳಿದರೂ ತೊಗರಿ ಹೂ-ಕಾಯಿ ಹೊತ್ತಿಗೆ ನಾಲ್ಕೈದು ಎಕರೆಗೆ ಒಂದು ಸಲ ಕೊಡಬಹುದು. ಎರಡೆಕರೆಯವನು ಭೂಮಿ, ಇಂಜಿನ್ನು, ಪೈಪು ಎಲ್ಲಾ ಒಬ್ಬನೇ ಹಾಕೋದು ದುಬಾರಿ. ಬದುವಿಗೆ ಬದು ಹೊಂದಿದ ಅಣ್ತಮ್ಮರು ಕೂಡಿ ತೋಡಿದರೆ ಲೆಕ್ಕ ಕೂಡ್ತದ.

ಅಕ್ಕಡಿ ಮಾಡೋರು ಒಂದು ನೆನಪಿಡ್ರಿ. ವಿಮೆಗೆ ಬರೆಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ಬಿದ್ದ ಬೆಳೆಯೂ ಒಂದೇ ಇರಬೇಕು. ಹೊಲದಲ್ಲಿ ಎರಡು ಬೆಳೆ ಇದ್ದರೆ ಎರಡನ್ನೂ ಹಾಕಿಸಿ. ನೆಟೆ ಬಿದ್ದ ಹೊಲದಲ್ಲಿ ಮುಂದಿನ ಎರಡು-ಮೂರು ವರ್ಷ ತೊಗರಿ ಬೇಡ, ರೋಗ ಮಣ್ಣಿನಾಗೇ ಉಳೀತದ.