ಸೀತಾಳೆ ದಂಡೆ ಬಂದಳಿಕೆ ಅಲ್ಲ!



ರೋಹಿಣಿ, ಮೃಗಶಿರ ಮಳೆಯ ಹೊತ್ತಿಗೆ ನಮ್ಮ ಮಲೆನಾಡಿನ ಮಾವು, ಹಲಸಿನ ಮರಗಳಲ್ಲಿ ನರಿಬಾಲದ ಹಾಗೆ ಜೋತಾಡುವ ಹೂವನ್ನು ನೀವೆಲ್ಲ ನೋಡಿದ್ದೀರಿ. ಬಿಳಿ ಎಸಳು, ಅದರ ಮೇಲೆ ನೇರಳೆ ಚುಕ್ಕೆ. ಅದೇ ಸೀತಾಳೆ ದಂಡೆ. ವನವಾಸದಲ್ಲಿ ಸೀತಾದೇವಿ ಇದನ್ನು ಮುಡಿಯುತ್ತಿದ್ದಳು ಅಂತ ಹಿರಿಯರು ಹೇಳ್ತಾರೆ. ವಿಜ್ಞಾನಿಗಳು ಇದಕ್ಕೆ ರಿಂಕೋಸ್ಟೈಲಿಸ್ ರೆಟ್ಯೂಸಾ ಎಂದು ಹೆಸರಿಟ್ಟಿದ್ದಾರೆ. ಇದು ಆರ್ಕಿಡ್ ಕುಟುಂಬದ ಗಿಡ. ದೂರದ ಅಸ್ಸಾಂ ರಾಜ್ಯದ ರಾಜ್ಯಪುಷ್ಪವೂ ಇದೇ. ಅಲ್ಲಿ ಬಿಹು ಹಬ್ಬದ ಕುಣಿತಕ್ಕೆ ಹೆಣ್ಣುಮಕ್ಕಳು ಇದನ್ನು ಮುಡಿಯುತ್ತಾರೆ.

ಇಷ್ಟು ಚೆಂದದ ಗಿಡವನ್ನು ನಮ್ಮಲ್ಲಿ ಎಷ್ಟೋ ಜನ "ಮರದ ರಸ ಹೀರ್ತದೆ" ಅಂತ ಕಿತ್ತು ಬಿಸಾಡುತ್ತಾರೆ. ಇದು ಸರಿಯೇ? ಪರೀಕ್ಷೆ ಮಾಡಿ ನೋಡೋಣ.

ಬಂದಳಿಕೆ ಹಿಡಿದ ಒಣಕೊಂಬೆ ಸಿಕ್ಕರೆ ಅದನ್ನು ಸೀಳಿ ನೋಡಿ. ಬಂದಳಿಕೆಯ ಬೇರು ತೊಗಟೆ ದಾಟಿ ಮರದ ಒಳಗೇ ಹೊಕ್ಕಿರುತ್ತದೆ. ಮರದ ನೀರನ್ನೂ ಲವಣವನ್ನೂ ಅದು ಕದಿಯುತ್ತದೆ. ಅದು ಪರಾವಲಂಬಿ. ಸೀತಾಳೆಯ ಬೇರು ಹಾಗಲ್ಲ. ತೊಗಟೆಯನ್ನು ಹೊರಗಿನಿಂದ ಅಪ್ಪಿಕೊಂಡಿರುತ್ತದೆ, ಅಷ್ಟೇ. ಮರದಿಂದ ಅದಕ್ಕೆ ಬೇಕಾದ್ದು ಕೂರಲು ಒಂದು ಜಾಗ. ಊಟ ಅದರದ್ದೇ.

ಹಾಗಾದರೆ ನೀರು ಎಲ್ಲಿಂದ? ಸೀತಾಳೆಯ ಬೇರಿನ ಸುತ್ತ ಸ್ಪಂಜಿನಂಥ ಒಂದು ಪದರ ಇದೆ. ಅದರ ಹೆಸರು ವೆಲಾಮೆನ್. ಮಳೆ ಬಂದಾಗ ಅದು ನೀರನ್ನು ಹೀರಿಕೊಳ್ಳುತ್ತದೆ. ಒಣಗಿದ ಬೇರು ಬೆಳ್ಳಿಯ ಬಣ್ಣ ಇರುತ್ತದೆ. ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೋಡಿ, ಕಣ್ಣೆದುರೇ ಹಸಿರಾಗುತ್ತದೆ! ನಾನು ಮೂರು ಸಲ ಮಾಡಿ ನೋಡಿದ್ದೇನೆ. ಬೇರಿನಲ್ಲೂ ಪತ್ರಹರಿತ್ತು ಇರುವುದರಿಂದ ಹೀಗಾಗುತ್ತದೆ.

ಇನ್ನು ಬೀಜದ ವಿಷಯ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಒಂದು ಕಾಯಲ್ಲಿ ಸಾವಿರಾರು, ಕೆಲವು ಜಾತಿಯಲ್ಲಿ ಲಕ್ಷಗಟ್ಟಲೆ ಇರುತ್ತವೆ. ಹಾಗಾದರೆ ಕಾಡೆಲ್ಲ ಸೀತಾಳೆಯೇ ಯಾಕೆ ತುಂಬಿಲ್ಲ? ಭತ್ತದ ಕಾಳಿನೊಳಗೆ ಮೊಳಕೆಗೆ ಬೇಕಾದ ಆಹಾರ ಇರುತ್ತದೆ. ಆರ್ಕಿಡ್ ಬೀಜದಲ್ಲಿ ಆ ಬುತ್ತಿ ಇಲ್ಲ. ತೊಗಟೆಯಲ್ಲೋ ಮಣ್ಣಲ್ಲೋ ಇರುವ ಒಂದು ಶಿಲೀಂಧ್ರ ಬೀಜದೊಳಗೆ ಸೇರಿ ಆಹಾರ ಒದಗಿಸಿದರೆ ಮಾತ್ರ ಅದು ಮೊಳೆಯುತ್ತದೆ. ಇದನ್ನು 1899ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ನೋಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಲೂಯಿಸ್ ಕ್ನಡ್ಸನ್ ಅವರು ಸಕ್ಕರೆ ಬೆರೆಸಿದ ಅಗರ್ ಮೇಲೆ, ಶಿಲೀಂಧ್ರ ಇಲ್ಲದೆಯೇ ಬೀಜ ಮೊಳೆಸುವ ದಾರಿ ತೋರಿಸಿದರು. ಆದರೆ ಕಾಡಿನಲ್ಲಿ ಸಕ್ಕರೆ ಹಾಕುವವರು ಯಾರು? ಅಲ್ಲಿ ಸರಿಯಾದ ಮರ, ಸರಿಯಾದ ಶಿಲೀಂಧ್ರ, ಸರಿಯಾದ ತೇವ ಮೂರೂ ಕೂಡಿ ಬರಬೇಕು. ಮೊಳೆತ ಮೇಲೂ ಹೂ ಬಿಡಲು ಹಲವು ವರ್ಷ ಬೇಕು. ನಾವು ಒಂದು ಗಿಡ ಕಿತ್ತರೆ ಅಷ್ಟು ವರ್ಷದ ಬೆಳೆ ಹೋದಂತೆ. ಹೂವನ್ನೆಲ್ಲ ಕೊಯ್ದರೆ ಕಾಯಿಯೇ ಆಗುವುದಿಲ್ಲ.

ಕಾಡಿನ ಆರ್ಕಿಡ್ ಮಾರುವವರಿಂದ ಪ್ರಪಂಚದಲ್ಲೆಲ್ಲ ಇವಕ್ಕೆ ಅಪಾಯ ಬಂದಿದೆ. 1975ರಲ್ಲಿ ಜಾರಿಗೆ ಬಂದ ಸೈಟಿಸ್ ಎಂಬ ಒಪ್ಪಂದದ ಪಟ್ಟಿಯಲ್ಲಿ ಇಡೀ ಆರ್ಕಿಡ್ ಕುಟುಂಬವೇ ಇದೆ. ದೇಶದಿಂದ ದೇಶಕ್ಕೆ ಸಾಗಿಸಲು ಅನುಮತಿ ಬೇಕು. ಭಾರತ 1976ರಲ್ಲಿ ಇದಕ್ಕೆ ಸೇರಿತು.

ಆದರೆ ನಮ್ಮೂರಲ್ಲಿ ಸೀತಾಳೆಗೆ ದೊಡ್ಡ ಅಪಾಯ ಕೊಡಲಿಯದು. ಹೋದ ವರ್ಷ ರಸ್ತೆ ಅಗಲ ಮಾಡಲು ಹಳೇ ಮಾವಿನ ಮರ ಕಡಿದರಲ್ಲ, ಅದರ ಮೇಲೆ ನಾನು 11 ಸೀತಾಳೆ ಎಣಿಸಿದೆ. ಎಂಟು ಗಿಡ ಸೌದೆ ಜೊತೆ ಲಾರಿ ಹತ್ತಿ ಹೋದವು. ಉಳಿದ ಮೂರನ್ನು ನಾನು, ಅಜ್ಜ ಸೇರಿ ಮನೆ ಹಿಂದಿನ ಹಲಸಿನ ಮರಕ್ಕೆ ಕಟ್ಟಿದೆವು. "ಮರ ಹೋದ್ರೂ ಇದು ಬದುಕ್ತದೆ ಮಗಾ, ಬಿಗಿಯಾಗಿ ಕಟ್ಟು" ಅಂದ ಅಜ್ಜ. ಒಂದು ಒಣಗಿತು. ಎರಡು ಬೇರು ಬಿಟ್ಟಿವೆ.

ನೀವೂ ಹೀಗೆ ಮಾಡಬಹುದು:

1. ಬಿದ್ದ ಕೊಂಬೆ, ಕಡಿದ ಮರದ ಮೇಲಿನ ಗಿಡ ಮಾತ್ರ ತನ್ನಿ. ನಿಂತ ಮರದಿಂದ ಕೀಳಲೇಬೇಡಿ.
2. ತೊಗಟೆ ಸಮೇತ ಬಿಡಿಸಿ, ಬೇರು ಮುರಿಯಬೇಡಿ.
3. ಮಾವು, ಹಲಸಿನಂಥ ಒರಟು ತೊಗಟೆಯ ಮರಕ್ಕೆ ಕಟ್ಟಿ. ನೀಲಗಿರಿ ಬೇಡ, ಅದರ ತೊಗಟೆ ಸುಲಿದು ಬೀಳುತ್ತದೆ.
4. ಬಾಳೆನಾರು ಅಥವಾ ತೆಂಗಿನ ನಾರಿನಿಂದ ಕಟ್ಟಿ, ತಂತಿ ಬೇಡ.
5. ಮಣ್ಣು ಮೆತ್ತಬೇಡಿ, ಬೇರಿಗೆ ಗಾಳಿ ಬೇಕು.
6. ಮಳೆಗಾಲ ಶುರುವಾಗುವಾಗ ಕಟ್ಟಿದರೆ ಬೇಗ ಹಿಡಿಯುತ್ತದೆ.

ನಮ್ಮ ಶಾಲೆಯ ಅಂಗಳದಲ್ಲೂ ಒಂದು ಹಲಸಿನ ಮರ ಇದೆ. ಅದರಲ್ಲಿ ಒಂದೂ ಸೀತಾಳೆ ಇಲ್ಲ. ಈ ಸಲ ಗಾಳಿ ಮಳೆಗೆ ಕೊಂಬೆ ಮುರಿದು ಬಿದ್ದ ಕಡೆ ಕಣ್ಣಿಟ್ಟಿರಿ. ಗಿಡ ಸಿಕ್ಕರೆ ಶಾಲೆಗೆ ತನ್ನಿ, ಕಟ್ಟಲು ನಾರು ನಾನು ತರುತ್ತೇನೆ. ಗುರುಗಳು ಒಪ್ಪಿಗೆ ಕೊಡಬೇಕೆಂದು ವಿನಂತಿ.

ಇಂತಿ,
ಒಂಬತ್ತನೇ ತರಗತಿಯ ವಿದ್ಯಾರ್ಥಿನಿ