ಪ್ರೋಗ್ರಾಂ ತನ್ನ ಕಟ್ಟಳೆಗಳನ್ನು ಓದುವ ಬಗೆ

ಶಾಲೆಯ ವೇಳಾಪಟ್ಟಿಯನ್ನು ಯಾರೂ ಗೋಡೆಯ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ಕಾಗದದಲ್ಲಿ ಬರೆದು ಸೂಚನಾಫಲಕಕ್ಕೆ ಅಂಟಿಸುತ್ತೇವೆ. ಪಾಠದ ಹೊತ್ತು ಬದಲಾದಾಗ ಕಾಗದವನ್ನು ಬದಲಿಸಿದರೆ ಸಾಕು, ಗೋಡೆಯನ್ನು ಒಡೆಯಬೇಕಾಗಿಲ್ಲ. ಗಣಕಯಂತ್ರದ ಪ್ರೋಗ್ರಾಂಗಳಿಗೂ ಇದೇ ನೀತಿ ಸಲ್ಲುತ್ತದೆ.

ಪ್ರೋಗ್ರಾಂ ಒಂದನ್ನೂ ಅದಕ್ಕೆ ಬೇಕಾದ ಸಾಮಗ್ರಿಯನ್ನೂ ಒಟ್ಟಿಗೆ ಕಟ್ಟಿದ ಬುತ್ತಿಯೇ ಕಂಟೇನರ್. ಇಂಥ ಬುತ್ತಿಗಳನ್ನು ಅನೇಕ ಯಂತ್ರಗಳ ಸಮೂಹದಲ್ಲಿ ಹಂಚಿ ನಡೆಸುವ ವ್ಯವಸ್ಥೆಗಳಲ್ಲಿ ಕುಬರ್ನೆಟೀಸ್ ಪ್ರಸಿದ್ಧವಾದುದು. ಗೂಗಲ್ ಸಂಸ್ಥೆಯು ಇದನ್ನು 2014ರಲ್ಲಿ ಹೊರತಂದಿತು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಚುಕ್ಕಾಣಿ ಹಿಡಿದವನೆಂದು ಅರ್ಥ. ಬುತ್ತಿಯ ಹೊರಗೆ ಕಟ್ಟಳೆಗಳನ್ನು ಬರೆದಿಡುವ ಪಟ್ಟಿಯನ್ನು ಇದರಲ್ಲಿ ಕಾನ್ಫಿಗ್‌ಮ್ಯಾಪ್ ಎನ್ನುವರು. ಅದರ ಗಾತ್ರವು 1 ಮೆಬಿಬೈಟನ್ನು ಮೀರುವಂತಿಲ್ಲ.

ಈ ಪಟ್ಟಿಯನ್ನು ಓದಲು ಪ್ರೋಗ್ರಾಂಗೆ ಮುಖ್ಯವಾಗಿ ಮೂರು ದಾರಿಗಳುಂಟು.

ಮೊದಲನೆಯದು ಪರಿಸರ ಚರಾಂಶಗಳ ದಾರಿ. ಕಂಟೇನರ್ ಆರಂಭವಾಗುವಾಗಲೇ ಮೌಲ್ಯಗಳು ಅದರ ಕೈಸೇರುತ್ತವೆ. ಇದು ಸುಲಭವಾದರೂ, ಮೊದಲ ದಿನವೇ ವೇಳಾಪಟ್ಟಿಯನ್ನು ನಕಲು ಮಾಡಿಕೊಂಡು ಮತ್ತೆ ಫಲಕದತ್ತ ನೋಡದ ಹುಡುಗನಂತೆ. ಪಟ್ಟಿ ಬದಲಾದರೂ, ಕಂಟೇನರನ್ನು ಹೊಸದಾಗಿ ಆರಂಭಿಸುವ ತನಕ ಪ್ರೋಗ್ರಾಂಗೆ ಅದು ತಿಳಿಯದು.

ಎರಡನೆಯದು ಕಡತದ ದಾರಿ. ಪಟ್ಟಿಯು ಕಂಟೇನರಿನೊಳಗೆ ಕಡತಗಳಾಗಿ ಕಾಣಿಸುತ್ತದೆ. ಪಟ್ಟಿಯನ್ನು ತಿದ್ದಿದರೆ, ಸ್ವಲ್ಪ ಹೊತ್ತಿನ ಬಳಿಕ ಕಡತವೂ ಸಾಮಾನ್ಯವಾಗಿ ತಾನೇ ಬದಲಾಗುವುದು. ಆದರೆ ಪ್ರೋಗ್ರಾಂ ಅದನ್ನು ಮರಳಿ ಓದಬೇಕು. ಒಮ್ಮೆ ಓದಿ ನೆನಪಿನಲ್ಲಿಟ್ಟುಕೊಂಡರೆ ಫಲವಿಲ್ಲ.

ಮೂರನೆಯದು ಕಾರ್ಯಾಲಯಕ್ಕೇ ಹೋಗಿ ಕೇಳುವ ದಾರಿ. ಪ್ರೋಗ್ರಾಂ ತನ್ನ ಸೇವಾಖಾತೆಯ ಟೋಕನ್ನನ್ನು ತೋರಿಸಿ, ಸಮೂಹದ ಎಪಿಐ ಸರ್ವರಿನಿಂದ ನೇರವಾಗಿ ಪಟ್ಟಿಯನ್ನು ಪಡೆಯುತ್ತದೆ. ಬದಲಾವಣೆಗಾಗಿ ಕಾದು ನೋಡಲೂಬಲ್ಲದು. ಆದರೆ ಆ ಖಾತೆಗೆ ಓದುವ ಅಧಿಕಾರವನ್ನು ಮೊದಲೇ ಕೊಟ್ಟಿರಬೇಕು. ಇಲ್ಲವಾದರೆ ಬಾಗಿಲಲ್ಲೇ ತಡೆಯುತ್ತಾರೆ.

ಗುಪ್ತಪದಗಳಿಗಾಗಿ ಸೀಕ್ರೆಟ್ ಎಂಬ ಬೇರೆ ಪಟ್ಟಿಯಿದೆ. ಅದರಲ್ಲಿ ಕಾಣುವ ಬೇಸ್64 ಬರವಣಿಗೆಯು ಲಿಪಿಯ ಮಾರ್ಪಾಟೇ ಹೊರತು ಬೀಗವಲ್ಲ. ಕೈಗೆ ಸಿಕ್ಕಿದವರೆಲ್ಲ ಅದನ್ನು ಬಿಡಿಸಿ ಓದಬಲ್ಲರು.

ಇಷ್ಟು ವಿಚಾರವೇಕೆಂದು ವಾಚಕರು ಕೇಳಬಹುದು. ಮುಂಬಯಿಯ ಮಳೆಗೆ ರೈಲುಗಳು ನಿಂತವೆಂದು ಪರೀಕ್ಷಾ ಅರ್ಜಿಯ ಕೊನೆಯ ದಿನವನ್ನು ಮುಂದೂಡಿದರೆನ್ನೋಣ. ಅಧಿಕಾರಿಗಳು ಪಟ್ಟಿಯನ್ನು ತಿದ್ದಿದರು. ಆದರೆ ಪ್ರೋಗ್ರಾಂ ಮೊದಲನೆಯ ದಾರಿ ಹಿಡಿದಿದೆ, ಅದನ್ನು ಮತ್ತೆ ಆರಂಭಿಸಿದವರಿಲ್ಲ. ಹಳೆಯ ದಿನಾಂಕವನ್ನೇ ನಂಬಿ ಅದು ವಿದ್ಯಾರ್ಥಿಯ ಅರ್ಜಿಯನ್ನು ತಿರಸ್ಕರಿಸುತ್ತದೆ. ಅದರಿಂದ ಒಂದು ವರ್ಷವೇ ನಷ್ಟವಾದೀತು. ಆದುದರಿಂದ ಕಟ್ಟಳೆಯನ್ನು ತಿದ್ದಿದವರು, ಪ್ರೋಗ್ರಾಂ ಅದನ್ನು ಓದಿತೇ ಎಂಬುದನ್ನೂ ನೋಡಿಯೇ ಏಳಬೇಕು.