537 ಮತಗಳ ಅಧ್ಯಕ್ಷ: ತಪ್ಪು ಯಾರದ್ದು?

ಮೂರು ವರ್ಷದ ಹಿಂದಿನ ಮಾತು. ನಾನು ಬರೆದ ಒಂದು ಫಾರ್ಮ್‌ನಲ್ಲಿ 'ಸೇವ್' ಮತ್ತು 'ಕ್ಯಾನ್ಸಲ್' ಬಟನ್‌ಗಳು ಮೊಬೈಲ್ ಪರದೆಯಲ್ಲಿ ತೀರಾ ಅಂಟಿಕೊಂಡಂತೆ ಬರುತ್ತಿದ್ದವು. ಹತ್ತು ನಿಮಿಷ ಕೂತು ವಿವರ ತುಂಬಿದವರು ಕ್ಯಾನ್ಸಲ್ ಒತ್ತಿ ಎಲ್ಲ ಕಳಕೊಂಡು ದೂರು ಕೊಡ್ತಿದ್ರು. ನಾನು ಪ್ರತಿ ದೂರಿನ ಕೆಳಗೂ ಎರಡೇ ಪದ ಬರೆದು ಮುಚ್ಚುತ್ತಿದ್ದೆ: 'ಯೂಸರ್ ಎರರ್'. ಅಂದರೆ ತಪ್ಪು ಬಳಸಿದವರದ್ದು, ನನ್ನದಲ್ಲ.

ನಮ್ಮ ಟೀಮ್ ಲೀಡ್ ಮೇಡಂ ಒಂದು ದಿನ ಕರೆದು, "ನೂರು ಜನ ಒಂದೇ ತಪ್ಪು ಮಾಡ್ತಿದ್ದಾರೆ ಅಂದ್ರೆ, ಅದು ಅವರ ತಪ್ಪಾ ನಿಮ್ಮದಾ?" ಅಂತ ಕೇಳಿದರು. ಆಮೇಲೆ ಒಂದು ಹಳೇ ಮತಪತ್ರದ ಫೋಟೋ ಕಳಿಸಿ, "ಇದನ್ನ ಓದಿ, ಆಮೇಲೆ ಮಾತಾಡೋಣ" ಅಂದರು. ಅದು 2000ನೇ ಇಸವಿಯ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ ಬಳಸಿದ ಮತಪತ್ರ.

ಒಂದು ರಾತ್ರಿ, ನಾಲ್ಕು ಫಲಿತಾಂಶ

ಅಮೆರಿಕದಲ್ಲಿ ಅಧ್ಯಕ್ಷರನ್ನ ಜನ ನೇರವಾಗಿ ಆರಿಸೋದಿಲ್ಲ. ಪ್ರತಿ ರಾಜ್ಯಕ್ಕೂ ಇಂತಿಷ್ಟು ಎಲೆಕ್ಟರ್‌ಗಳು, ಒಟ್ಟು 538. ಗೆಲ್ಲಲು 270 ಬೇಕು. ಹೆಚ್ಚೂಕಡಿಮೆ ಎಲ್ಲ ರಾಜ್ಯಗಳಲ್ಲೂ ಒಂದೇ ಒಂದು ಮತ ಹೆಚ್ಚು ಪಡೆದವರಿಗೂ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳು ಸಿಗುತ್ತಾರೆ. ಅಂದು ಫ್ಲಾರಿಡಾ ಬಿಟ್ಟು ಲೆಕ್ಕ ಹಾಕಿದರೆ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ಬಳಿ 267, ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಬಳಿ 246. ಫ್ಲಾರಿಡಾದ 25 ಯಾರಿಗೆ ಸಿಕ್ಕರೆ ಅವರೇ ಅಧ್ಯಕ್ಷ.

ನವೆಂಬರ್ 7ರ ಸಂಜೆ ಟಿವಿ ವಾಹಿನಿಗಳು ಫ್ಲಾರಿಡಾ ಗೋರ್‌ಗೆ ಅಂದವು. ಎರಡು ಗಂಟೆ ಕಳೆದ ಮೇಲೆ ವಾಪಸ್ ತಗೊಂಡವು. ನಡುರಾತ್ರಿ 2ರ ಹೊತ್ತಿಗೆ ಬುಷ್ ಗೆದ್ದರು ಅಂದವು. ಗೋರ್ ಫೋನ್ ಮಾಡಿ ಬುಷ್‌ಗೆ ಶುಭಾಶಯವನ್ನೂ ಹೇಳಿದರು. ಸೋಲೊಪ್ಪಿ ಭಾಷಣ ಮಾಡಲು ಹೊರಟವರಿಗೆ ದಾರಿಯಲ್ಲೇ ಅಂತರ ಕರಗುತ್ತಿದೆ ಅಂತ ಸುದ್ದಿ ಬಂತು. ಮತ್ತೆ ಫೋನ್ ಮಾಡಿ, ಆಗ ಹೇಳಿದ್ದನ್ನ ಹಿಂದಕ್ಕೆ ತಗೊಂಡಿದ್ದೀನಿ ಅಂದರು. ಟಿವಿಯವರೂ ಬೆಳಗಿನ ಜಾವ ಎರಡನೇ ಸಲ ಮಾತು ಬದಲಿಸಿದರು.

ಈ ಗೊಂದಲದಲ್ಲಿ ನಮ್ಮ ಕಸುಬಿನ ಪಾಲೂ ಇತ್ತು. ವೊಲೂಷಿಯಾ ಕೌಂಟಿಯ ಒಂದು ಮತಗಟ್ಟೆಯಿಂದ ಬಂದ ಎಣಿಕೆಯಲ್ಲಿ ಗೋರ್‌ಗೆ ಮೈನಸ್ 16,022 ಮತ ಬಿದ್ದಿತ್ತು! ಮೈನಸ್ ಮತ ಅಂದ್ರೇನು ಸ್ವಾಮಿ? ಮೆಮರಿ ಕಾರ್ಡ್‌ನ ಯಡವಟ್ಟು. ಅದನ್ನ ಅದೇ ರಾತ್ರಿ ಹಿಡಿದು ಸರಿಪಡಿಸಿದರು. ಆದರೆ 'ಸೊನ್ನೆಗಿಂತ ಕಡಿಮೆ ಇದ್ದರೆ ತಗೋಬೇಡ' ಅನ್ನೋ ಒಂದು ಸಾಲಿನ ಚೆಕ್ ಅಲ್ಲಿ ಕೆಲಸ ಮಾಡಿರಲಿಲ್ಲ ಅಂದುಕೊಂಡಾಗ ನನಗೆ ಬೆವರು ಬಂತು.

ಚಿಟ್ಟೆಯಂಥ ಮತಪತ್ರ

ಈಗ ಆ ಫೋಟೋಗೆ ಬರೋಣ. ಪಾಮ್ ಬೀಚ್‌ನಲ್ಲಿ ಹಿರಿಯರು ಜಾಸ್ತಿ. ಅಲ್ಲಿನ ಚುನಾವಣಾಧಿಕಾರಿ ತೆರೇಸಾ ಲೆಪೋರ್ ಅಕ್ಷರ ದೊಡ್ಡದಿರಲಿ ಅಂತ ಹೆಸರುಗಳನ್ನ ಎರಡು ಪುಟಕ್ಕೆ ಹಂಚಿದರು. ಎಡಗಡೆ ಒಂದಷ್ಟು ಹೆಸರು, ಬಲಗಡೆ ಒಂದಷ್ಟು, ತೂತು ಮಾಡುವ ಸಾಲು ಮಾತ್ರ ನಡುವೆ ಒಂದೇ. ರೆಕ್ಕೆ ಬಿಚ್ಚಿದ ಚಿಟ್ಟೆ ಥರ. ಹಾಗಾಗಿ ಇದಕ್ಕೆ 'ಬಟರ್‌ಫ್ಲೈ ಬ್ಯಾಲಟ್' ಅಂತಲೇ ಹೆಸರು ಬಿತ್ತು.

ಎಡಗಡೆ ಮೊದಲ ಹೆಸರು ಬುಷ್, ಎರಡನೆಯದು ಗೋರ್. ಆದರೆ ಎರಡನೇ ತೂತು ಗೋರ್ ಅವರದ್ದಲ್ಲ! ಅದು ಬಲಗಡೆಯ ಮೊದಲ ಹೆಸರು ಪ್ಯಾಟ್ ಬುಕ್ಯಾನನ್ ಅವರದ್ದು. ಗೋರ್‌ಗೆ ಹಾಕಬೇಕಾದರೆ ಮೂರನೇ ತೂತು ಒತ್ತಬೇಕಿತ್ತು.

ಬುಕ್ಯಾನನ್ ಕಟ್ಟಾ ಬಲಪಂಥೀಯ. ಪಾಮ್ ಬೀಚ್ ಡೆಮಾಕ್ರಟ್ ಮತದಾರರು, ಅದರಲ್ಲೂ ಯಹೂದಿ ಹಿರಿಯರು, ಹೆಚ್ಚಿರುವ ಜಾಗ. ಅಲ್ಲಿ ಅವರಿಗೆ 3,400ಕ್ಕೂ ಹೆಚ್ಚು ಮತ ಬಿದ್ದವು. ಇವೆಲ್ಲ ನನಗೆ ಹಾಕಿದ್ದಿರಲಾರವು ಅಂತ ಸ್ವತಃ ಬುಕ್ಯಾನನ್ ಟಿವಿಯಲ್ಲಿ ಒಪ್ಪಿಕೊಂಡರು. 2,000ಕ್ಕೂ ಹೆಚ್ಚು ಡೆಮಾಕ್ರಟ್ ಮತದಾರರು ತಪ್ಪಿ ಅವರಿಗೆ ಹಾಕಿದ್ದಾರೆ ಅಂತ ರಾಜ್ಯಶಾಸ್ತ್ರಜ್ಞರು 2001ರಲ್ಲಿ ಅಂದಾಜು ಮಾಡಿದರು. ಇನ್ನೂ ಸುಮಾರು 19,000 ಮತಪತ್ರಗಳಲ್ಲಿ ಎರಡೆರಡು ತೂತು. ಅಷ್ಟೂ ಕುಲಗೆಟ್ಟವು.

ವಿಪರ್ಯಾಸ ನೋಡಿ, ಲೆಪೋರ್ ಆಗ ಗೋರ್ ಅವರದೇ ಪಕ್ಷದವರು. ಯಾರಿಗೂ ಮೋಸ ಮಾಡುವ ಉದ್ದೇಶ ಇರಲಿಲ್ಲ. ವಯಸ್ಸಾದವರಿಗೆ ಅನುಕೂಲ ಆಗಲಿ ಅಂತ ಮಾಡಿದ ಡಿಸೈನ್, ಅವರನ್ನೇ ದಾರಿ ತಪ್ಪಿಸಿತು.

ಕಾಗದದ ಚೂರಿನ ಮೇಲೆ ನಿಂತ ದೇಶ

ಮೊದಲ ಎಣಿಕೆಯಲ್ಲಿ ಬುಷ್ ಮುಂದಿದ್ದದ್ದು 1,784 ಮತಗಳಿಂದ. ಅಂತರ ಶೇ. 0.5ಕ್ಕಿಂತ ಕಡಿಮೆ ಇದ್ದದ್ದಕ್ಕೆ ಕಾನೂನಿನ ಪ್ರಕಾರ ಯಂತ್ರದಲ್ಲಿ ಮತ್ತೊಮ್ಮೆ ಎಣಿಸಿದರು. ಅಂತರ 327ಕ್ಕೆ ಇಳಿಯಿತು. ಗೋರ್ ಕಡೆಯವರು ನಾಲ್ಕು ಕೌಂಟಿಗಳಲ್ಲಿ ಕೈಯಿಂದ ಎಣಿಸಿ ಅಂತ ಕೇಳಿದರು.

ಆಗ ಶುರುವಾಯ್ತು 'ಚ್ಯಾಡ್' ಪುರಾಣ. ಮತಪತ್ರದಲ್ಲಿ ತೂತು ಮಾಡಿದಾಗ ಉದುರುವ ಕಾಗದದ ಚೂರಿಗೆ ಚ್ಯಾಡ್ ಅಂತಾರೆ. ಅದು ಪೂರ್ತಿ ಉದುರದೆ ನೇತಾಡ್ತಿದ್ದರೆ ಮತವೋ ಅಲ್ಲವೋ? ಬರೀ ಗುಳಿ ಬಿದ್ದಿದ್ದರೆ? ಒಂದೊಂದು ಕೌಂಟಿಯಲ್ಲಿ ಒಂದೊಂದು ನಿಯಮ. ಭೂತಗನ್ನಡಿ ಹಿಡಿದು, ಮತಪತ್ರವನ್ನ ಬೆಳಕಿಗೆ ಎತ್ತಿ ನೋಡುವ ಅಧಿಕಾರಿಗಳ ಚಿತ್ರ ಜಗತ್ತಿಡೀ ಹರಡಿತು.

ನವೆಂಬರ್ 26ಕ್ಕೆ ಅಧಿಕೃತ ಲೆಕ್ಕ ಬಂತು. ಬುಷ್ 29,12,790. ಗೋರ್ 29,12,253. ಅಂತರ 537. ರಾಜ್ಯದ ಸುಪ್ರೀಂ ಕೋರ್ಟ್ ಡಿಸೆಂಬರ್ 8ರಂದು ರಾಜ್ಯದಾದ್ಯಂತ ಮರುಎಣಿಕೆಗೆ ಆದೇಶ ಕೊಟ್ಟಿತು. ಮರುದಿನವೇ ಅಮೆರಿಕದ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಡಿಸೆಂಬರ್ 12ರಂದು, ಕಡೆಗೂ 5–4ರ ಬಹುಮತದಲ್ಲಿ, ಎಣಿಕೆ ನಿಂತಿತು. ಮರುದಿನ ಗೋರ್ ಸೋಲೊಪ್ಪಿಕೊಂಡರು. ಇಡೀ ದೇಶದಲ್ಲಿ ಅವರಿಗೆ ಬಿದ್ದದ್ದು ಬುಷ್‌ಗಿಂತ 5 ಲಕ್ಷಕ್ಕೂ ಹೆಚ್ಚು ಮತ!

ಹಾಗಾದ್ರೆ ಬುಷ್ ಗೆದ್ದಿದ್ದು ಯಾಕೆ?

ನಮ್ಮ ಆಫೀಸುಗಳಲ್ಲಿ ಏನಾದರೂ ಕೆಟ್ಟರೆ 'ರೂಟ್ ಕಾಸ್' ಏನು ಅಂತ ಕೇಳ್ತಾರೆ. ಒಂದು ಕಾರಣ ಬೇಕು, ಒಂದು ಹೆಸರು ಬೇಕು. ಇಲ್ಲೂ ಜನ ಹಾಗೇ ಹುಡುಕಿದರು. ಕೆಲವರು ಚಿಟ್ಟೆ ಮತಪತ್ರ ಅಂದರು. ಗ್ರೀನ್ ಪಕ್ಷದ ರಾಲ್ಫ್ ನೇಡರ್ ಫ್ಲಾರಿಡಾದಲ್ಲಿ 97,488 ಮತ ತಗೊಂಡರಲ್ಲ, ಅದಕ್ಕೇ ಅಂದರು ಇನ್ನು ಕೆಲವರು. ಡುವಾಲ್ ಕೌಂಟಿಯಲ್ಲಿ ಅಭ್ಯರ್ಥಿಗಳ ಪಟ್ಟಿ ಎರಡು ಪುಟಕ್ಕೆ ಹರಡಿ, 20 ಸಾವಿರಕ್ಕೂ ಹೆಚ್ಚು ಜನ ಎರಡು ಕಡೆ ಒತ್ತಿಬಿಟ್ಟಿದ್ದರು. ಅಪರಾಧಿಗಳ ಹೆಸರು ತೆಗೆಯುವ ಪಟ್ಟಿಯಲ್ಲಿ ಅಪರಾಧಿಗಳಲ್ಲದವರ ಹೆಸರೂ ಸೇರಿತ್ತು. ಅದರ ಪೆಟ್ಟು ಕಪ್ಪು ಜನರಿಗೇ ಹೆಚ್ಚು ಬಿತ್ತು. ಕೋರ್ಟ್ ತೀರ್ಪೇ ಕಾರಣ ಅನ್ನುವವರೂ ಇದ್ದಾರೆ. ಅಷ್ಟೇಕೆ, ಗೋರ್ ತಮ್ಮ ಸ್ವಂತ ರಾಜ್ಯ ಟೆನೆಸ್ಸಿಯಲ್ಲಿ ಗೆದ್ದಿದ್ದರೆ ಫ್ಲಾರಿಡಾದ ಗೊಡವೆಯೇ ಇರುತ್ತಿರಲಿಲ್ಲ.

ಎಲ್ಲವೂ ನಿಜ! ಒಂದು ರನ್‌ನಿಂದ ಸೋತ ಪಂದ್ಯದಲ್ಲಿ ಕೊನೇ ಬಾಲ್‌ನಲ್ಲಿ ಔಟಾದವನೂ ಕಾರಣ, ಏಳನೇ ಓವರ್‌ನಲ್ಲಿ ವೈಡ್ ಹಾಕಿದವನೂ ಕಾರಣ. ಆದರೆ ಬೈಯಿಸಿಕೊಳ್ಳೋದು ಮಾತ್ರ ಕೊನೆಯವನು.

ನನಗೆ ಹೊಳೆದದ್ದು ಇನ್ನೊಂದು. ಫ್ಲಾರಿಡಾದಲ್ಲಿ ಎಣಿಕೆಗೆ ಸಿಗದೆ ಉಳಿದ ಮತಪತ್ರಗಳು ಸುಮಾರು 1.75 ಲಕ್ಷ. ಗೆಲುವಿನ ಅಂತರ 537. ತರಕಾರಿ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗಾಯ್ತು. ಆಮೇಲೆ ಪತ್ರಿಕೆಗಳು ಒಟ್ಟಾಗಿ ಈ ಮತಪತ್ರಗಳನ್ನ ಪರೀಕ್ಷೆ ಮಾಡಿಸಿದವು. ಗೋರ್ ಕೇಳಿದ ನಾಲ್ಕು ಕೌಂಟಿ ಮಾತ್ರ ಎಣಿಸಿದ್ದರೆ ಬುಷ್ ಗೆಲ್ಲುತ್ತಿದ್ದರು. ಇಡೀ ರಾಜ್ಯದ ತಿರಸ್ಕೃತ ಮತಪತ್ರಗಳನ್ನೆಲ್ಲ ನೋಡಿದ್ದರೆ ಗೋರ್ ಕೂದಲೆಳೆಯಲ್ಲಿ ಗೆಲ್ಲುತ್ತಿದ್ದರು. ಅಂದರೆ ಹೇಗೆ ಎಣಿಸಿದಿರಿ ಅನ್ನೋದರ ಮೇಲೆ ಅಧ್ಯಕ್ಷ!

ಇಂಥ ತಪ್ಪು ಪ್ರತಿ ಚುನಾವಣೆಯಲ್ಲೂ ಇದ್ದೇ ಇರುತ್ತೆ. ಅಂತರ ದೊಡ್ಡದಿದ್ದಾಗ ಯಾರೂ ಬಗ್ಗಿ ನೋಡಲ್ಲ, ಅಷ್ಟೇ. ಫ್ಲಾರಿಡಾ ಆದ ಮೇಲೆ 2002ರಲ್ಲಿ ಕಾನೂನು ಬಂತು, ತೂತು ಮಾಡುವ ಮತಪತ್ರಗಳು ಮೂಲೆ ಸೇರಿದವು.

ನಮ್ಮ ಕಡೆಯ ಒಂದು ಮತ

ನಮ್ಮೂರು ಚಾಮರಾಜನಗರದ ಕಡೆ. 2023ರ ವಿಧಾನಸಭೆ ಚುನಾವಣೆ ಬುಧವಾರ ಬಿತ್ತು. ಮರುದಿನ ರಿಲೀಸ್ ಇತ್ತು, ನಾನು ಊರಿಗೆ ಹೋಗಲಿಲ್ಲ. "ನನ್ನೊಂದು ವೋಟಿಂದ ಏನಾಗುತ್ತಪ್ಪಾ" ಅಂದಿದ್ದಕ್ಕೆ ಅಪ್ಪ ಫೋನಲ್ಲಿ, "ಸಂತೇಮರಹಳ್ಳಿಯೋರ್ನ ಕೇಳು ಹೋಗು" ಅಂದರು.

2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿಯವರ ಡ್ರೈವರ್‌ಗೇ ಅಂದು ವೋಟ್ ಹಾಕಲು ಬಿಡುವಾಗಲಿಲ್ಲ ಅನ್ನೋ ಮಾತು ಇವತ್ತಿಗೂ ನಮ್ಮ ಕಡೆ ಓಡಾಡುತ್ತೆ. ಅಪ್ಪ ಬೈದ ಮೂರೇ ದಿನಕ್ಕೆ ಬೆಂಗಳೂರಿನ ಜಯನಗರದಲ್ಲಿ ನಡುರಾತ್ರಿವರೆಗೆ ಮರುಎಣಿಕೆ ನಡೆದು, ಫಲಿತಾಂಶ 16 ಮತಗಳಲ್ಲಿ ತೀರ್ಮಾನವಾಯ್ತು. ನಾನು ಅಪ್ಪನಿಗೆ ಫೋನ್ ಮಾಡಲಿಲ್ಲ.

ಮೇಡಂ ಫೋಟೋ ಕಳಿಸಿದ ವಾರವೇ ಆ ಎರಡು ಬಟನ್‌ಗಳನ್ನ ದೂರ ಮಾಡಿದೆ. ಕ್ಯಾನ್ಸಲ್ ಒತ್ತಿದರೆ 'ಖಚಿತವೇ?' ಅಂತ ಕೇಳುವ ಹಾಗೆ ಮಾಡಿದೆ. ದೂರು ನಿಂತವು. ಈಗ ಹೊಸ ಸ್ಕ್ರೀನ್ ಏನೇ ಮಾಡಿದರೂ ಮೊದಲು ಅಮ್ಮನ ಕೈಗೆ ಕೊಡ್ತೀನಿ, ಏನೂ ಹೇಳಿಕೊಡದೆ. ಅವರು ಎಡವಿದರೆ ತಪ್ಪು ನನ್ನದು. 2024ರ ಲೋಕಸಭೆ ಚುನಾವಣೆಗೆ ಹಿಂದಿನ ರಾತ್ರಿಯೇ ಬಸ್ ಹಿಡಿದು ಊರಿಗೆ ಹೋದೆ. ಬೆರಳಿನ ಶಾಯಿ ತೋರಿಸಿದರೆ ಅಪ್ಪ ಏನೂ ಅನ್ನಲಿಲ್ಲ, "ಕಾಫಿ ಕುಡೀತೀಯಾ?" ಅಂದರು.

ನಿಮ್ಮ ಹೆಸರು ಯಾವ ಊರಿನ ಮತದಾರರ ಪಟ್ಟಿಯಲ್ಲಿದೆ? ಒಂದ್ಸಲ ನೋಡಿಬಿಡಿ.